ಭಾವನ ಗಾಲಿಚಾ, ಅಕ್ಕನ ಮೊಣಕಾಲು

ಮನುಷ್ಯನಿಗೆ ದೇವರು ಪಾದ ಕೊಟ್ಟದ್ದೇ ದೊಡ್ಡ ತಪ್ಪು ಎಂದು ನಂಬಿದ್ದ ಒಬ್ಬರೇ ಒಬ್ಬರನ್ನು ನಾನು ಈ ಜನ್ಮದಲ್ಲಿ ಕಂಡಿದ್ದೇನೆ. ಅವರು ನಮ್ಮ ಭಾವ, ಅಂದರೆ ನನ್ನ ಒಬ್ಬಳೇ ಅಕ್ಕನ ಗಂಡ. ಕೈ ಬೇಕು, ದುಡಿಯುವುದಕ್ಕೆ. ಬಾಯಿ ಬೇಕು, ಬೈಯುವುದಕ್ಕೆ. ಆದರೆ ಪಾದ? ಅದು ಯಾತಕ್ಕೆ? ಧೂಳು ತರುವುದಕ್ಕೆ, ಕೆಸರು ತರುವುದಕ್ಕೆ, ಕೊನೆಗೆ ಭಾವನ ಗಾಲಿಚಾದ ಮೇಲೆ ಬೀಳುವುದಕ್ಕೆ! ದಾಂಡೇಲಿಯ ಮಂದಿಯೆಲ್ಲ ಕಾಡಿನ ಹುಲಿಗೆ ಹೆದರುತ್ತಿದ್ದ ಆ ಕಾಲದಲ್ಲಿ ನಮ್ಮ ಭಾವ ಹೆದರುತ್ತಿದ್ದದ್ದು, ಪಕ್ಕದ ಮನೆಯಾಕೆ ಸಕ್ಕರೆ ಕೇಳಲು ಬರಿಗಾಲಲ್ಲಿ ಒಳಗೆ ಬಂದುಬಿಟ್ಟಾಳೆಂದು.

ಇದೆಲ್ಲ ಶುರುವಾದದ್ದು ಒಂದು ಮಂಚದಿಂದ. ಭಾವನಿಗೆ ಪೇಪರ್ ಮಿಲ್ಲಿನಲ್ಲಿ ಫಿಟರ್ ಕೆಲಸ, ಅಲ್ಲೇ ಹತ್ತಿರದ ಅಂಬೇವಾಡಿಯಲ್ಲಿ ಎರಡು ಖೋಲಿಯ ಮನೆ. ನನ್ನನ್ನೂ ಹಳಿಯಾಳ ಕಡೆಯ ನಮ್ಮ ಹಳ್ಳಿಯಿಂದ ಕರೆಸಿ ಮಿಲ್ಲಿಗೆ ಸೇರಿಸಿದವರು ಅವರೇ. ಹೀಗಾಗಿ ಅವರ ಅನ್ನ ಉಂಡುಕೊಂಡು ಅವರನ್ನು ಮನಸ್ಸಿನಲ್ಲೇ ಬೈಯುವ ಸುಯೋಗ ನನಗೆ ದಿನಾಲೂ ಇತ್ತು. ಸಗಣಿ ಸಾರಿಸಿದ ನೆಲದ ಮೇಲೆ ಬೆಳೆದ ಅಕ್ಕನಿಗೆ ಮಾತ್ರ ಈ ಹೊಸ ಮನೆಯ ಸಿಮೆಂಟು ನೆಲ ಆಗಿಬರಲಿಲ್ಲ. ಇಲ್ಲಿಯ ಮಳೆಯೋ, ಹಿಡಿದರೆ ಬಿಡುವುದಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಅವಳ ಮೊಣಕಾಲು ಹಿಡಿದುಕೊಂಡವು. ಕೂತರೆ ಏಳಲಾರಳು, ಎದ್ದರೆ ಕೂಡಲಾರಳು. ತಂಪು ನೆಲದ ಮೇಲೆ ಕೂಡಬಾರದು, ಮಲಗಬಾರದು ಎಂದು ಡಾಕ್ಟರು ಹೇಳಿದರು.

ಗೋವಾ ಆಗಷ್ಟೇ ನಮ್ಮ ದೇಶಕ್ಕೆ ಸೇರಿತ್ತು. ಗಡಿಯೇ ಇಲ್ಲವೆಂದ ಮೇಲೆ ಕ್ಯಾಸಲ್‌ರಾಕ್‌ನಲ್ಲಿ ಗಡಿ ಕಾಯುವ ಸಾಹೇಬರಿಗೆ ಏನು ಕೆಲಸ? ಒಬ್ಬೊಬ್ಬರೇ ಮನೆ ಸಾಮಾನು ಮಾರಿ ವರ್ಗವಾಗಿ ಹೊರಟಿದ್ದರು. ಅವರಲ್ಲೊಬ್ಬ ಸಾಹೇಬ ಗಟ್ಟಿಮುಟ್ಟಾದ ಕಬ್ಬಿಣದ ಮಂಚ ಮಾರುತ್ತಾನೆಂದು ಕೇಳಿ ಭಾವ ಬೆಳಗಿನ ಗಾಡಿಗೆ ಹೋದರು. ಮರುದಿನ ಬಂದರು. ಹೆಗಲ ಮೇಲೆ ಒಂದು ಉದ್ದನೆಯ ಸುರುಳಿ.

"ಮಂಚ ಸುತಗೊಂಡು ಬಂದಾರೇನೋ ತಮ್ಮಾ?" ಎಂದು ಅಕ್ಕ ನನ್ನನ್ನು ಕೇಳಿದಳು.

ಭಾವ ಹೊರಗಿನ ಖೋಲಿಯ ನಡುವೆ ಕೂತು, ಮದುಮಗಳ ಸೆರಗು ಸರಿಸುವವರ ಹಾಗೆ ಮೆಲ್ಲಗೆ ಅದನ್ನು ಬಿಚ್ಚಿದರು. ಅಫಘಾನಿ ಗಾಲಿಚಾ, ಉಣ್ಣೆಯ ರತ್ನಗಂಬಳಿ! ಕಳಿತ ದಾಳಿಂಬೆಯ ಕೆಂಪು. ಅದರ ಮೇಲೆ ಸಾಲಾಗಿ ಎಂಟು ಮೂಲೆಯ ದೊಡ್ಡ ದೊಡ್ಡ ಹೂ. ಕಬ್ಬಿಣದ ಮಂಚ ಅದರ ಪಕ್ಕದಲ್ಲೇ ಇತ್ತಂತೆ. ಭಾವ ಅದನ್ನು ಕಣ್ಣೆತ್ತಿಯೂ ನೋಡಿರಲಿಲ್ಲ.

"ಮಂಚ ಯಾವ ಬಡಿಗ್ಯಾನೂ ಮಾಡ್ತಾನ. ಇದನ್ನ ಮಾಡಾಕ ಕಾಬೂಲಿನಾಗ ಹುಟ್ಟಬೇಕು!" ಎಂದರು.

ನನಗೆ ಮೈ ಉರಿಯಿತು. ಅಕ್ಕನಿಗೆ ಸಿಟ್ಟೇ ಬರಲಿಲ್ಲ. ಬಗ್ಗಿ ಅಂಗೈಯಿಟ್ಟು ನೋಡಿದಳು. "ಎಷ್ಟ ಬೆಚ್ಚಗ ಐತ್ರೀ! ಮಂಚ ಹೋಗ್ಲಿ ಬಿಡ್ರಿ. ನಾ ಇದರ ಮ್ಯಾಲೇ ಕುಂಡರ್ತೇನಿ" ಎಂದು ಒಂದು ಹೆಜ್ಜೆ ಮುಂದಿಟ್ಟಳು.

"ಹಾಂ ಹಾಂ ಹಾಂ! ಕಾಲು! ಕಾಲು!" ಎಂದು ಭಾವ ಕೂಗಿದರು. ಅಕ್ಕ ಹಾವು ಕಂಡಂತೆ ಹಿಂದೆ ಸರಿದಳು. ಅವಳ ಮೊಣಕಾಲಿಗೆಂದು ಮಂಚ ತರಲು ಹೋದವರು ಅವಳು ಕಾಲಿಡಬಾರದ ವಸ್ತುವೊಂದನ್ನು ಹೊತ್ತು ತಂದಿದ್ದರು. ದೇವರ ಕೆಲಸಗಳೇ ಹಾಗೆ, ನಮ್ಮ ಭಾವನವೂ ಹಾಗೆ.

ಕೂಡುವಂತಿಲ್ಲ ಎಂದ ಮೇಲೆ ಸುತ್ತಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಸುತ್ತಿಟ್ಟರೆ ನುಸಿ ಹಿಡಿಯುತ್ತದೆ, ಹಾಸಿದರೆ ಮಂದಿ ಹಿಡಿಯುತ್ತಾರೆ. ಬಹಳ ವಿಚಾರ ಮಾಡಿ ಭಾವ ಹಾಸಿಯೇ ಇಟ್ಟರು. ಖೋಲಿಯ ನಡುವಿನ ಜಾಗವೆಲ್ಲ ಗಾಲಿಚಾದ್ದು. ಅಂಚಿನಲ್ಲಿ ಉಳಿದ ಒಂದು ಗೇಣು ಸಿಮೆಂಟು ನಮ್ಮದು. ನಾವು ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ನಡೆಯುವುದನ್ನು ಕಲಿತೆವು. ಕೈಯಲ್ಲಿ ಬಿಸಿ ಸಾರಿನ ಪಾತ್ರೆ ಹಿಡಿದು, ನೋಯುವ ಮೊಣಕಾಲಿನ ಅಕ್ಕ ಹಾಗೆ ಏಡಿಯಂತೆ ಸರಿಯುವುದನ್ನು ನೋಡಿದರೆ ನಗು ಬರುತ್ತಿತ್ತು. ನಕ್ಕ ಮೇಲೆ ಊಟ ಇಳಿಯುತ್ತಿರಲಿಲ್ಲ.

ಬಂದವರಿಗೆ ಭಾವ ಗಾಲಿಚಾದ ಮುಂಭಾಗ ತೋರಿಸುತ್ತಿರಲಿಲ್ಲ. ಮೂಲೆ ಮಗುಚಿ ಹಿಂಭಾಗ ತೋರಿಸುತ್ತಿದ್ದರು. "ಮುಂದ ನೋಡಿ ಮೆಚ್ಚಾಂವ ಹುಚ್ಚ. ಹಿಂದ ನೋಡ್ರಿ. ಒಂದೊಂದು ಗಂಟೂ ಕೈಲೆ ಹಾಕಿದ್ದು. ಒಂದು ಗಂಟು ಸಡ್ಲ ಐತೇನು? ತೋರಸ್ರಿ!" ಚಹಾ ಕುಡಿಯಲು ಬಂದವರು ಮೊಣಕಾಲೂರಿ, ಮೂಗು ನೆಲಕ್ಕೆ ಹಚ್ಚಿ, ಗಂಟು ನೋಡಿ ಹೋಗುತ್ತಿದ್ದರು. ಒಮ್ಮೆ ಅಡುಗೆಮನೆಯ ಬಾಗಿಲಲ್ಲಿ ನಿಂತ ಅಕ್ಕ ನನಗಷ್ಟೇ ಕೇಳುವಂತೆ ಹೇಳಿದಳು: "ನನಗೂ ಇವರೇ ಕೈಲೆ ಮೂರು ಗಂಟು ಹಾಕ್ಯಾರೋ ತಮ್ಮಾ. ಅವನ್ನ ಒಮ್ಮೆರ ತಿರುವಿ ನೋಡ್ಯಾರೇನು, ಕೇಳು."

ಇನ್ನು ಬ್ರಷ್ಷಿನ ಕಥೆ. ಈ ಗಾಲಿಚಾದ ಉಣ್ಣೆಗೆ ಒಂದು ಗುಣ ಇತ್ತು. ಒಂದು ಕಡೆಗೆ ಸವರಿದರೆ ಬಣ್ಣ ತಿಳಿಯಾಗಿ ಕಾಣುತ್ತದೆ, ಇನ್ನೊಂದು ಕಡೆಗೆ ಸವರಿದರೆ ಕಪ್ಪಗಾಗುತ್ತದೆ. ಒಂದು ಬೆರಳಿಟ್ಟರೂ ಅದರ ಗುರುತು ನಿಲ್ಲುತ್ತದೆ. ಭಾವ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ, ಅಂಚಿನಿಂದ ಅಂಚಿಗೆ, ತಲೆಬಾಗಿಲ ಕಡೆಗೆ ಬ್ರಷ್ ಹಾಕಿ ಹೋಗುತ್ತಿದ್ದರು. ಮಧ್ಯಾಹ್ನ ಇಳಿದ ಮೇಲೆ ಮಿಲ್ಲಿನ ಭೋಂಗಾ ಕೂಗಿತೆಂದರೆ, ಮನೆಗೆ ಬಂದು ಟೊಪ್ಪಿಗೆ ತೆಗೆಯದೆ ತುದಿಗಾಲಲ್ಲಿ ಕೂತು ಗುರುತು ಓದುತ್ತಿದ್ದರು. ಸಾಹೇಬರಿಗೆ ಹುಲಿ ಹೆಜ್ಜೆ ತೋರಿಸುವ ಶಿಕಾರಿಗಳೂ ಇವರ ಮುಂದೆ ಕೈ ಮುಗಿಯಬೇಕು!

"ಬೆಕ್ಕು ಬಂದಿತ್ತು. ಕಿಟಕ್ಯಾಗಿಂದ ಜಿಗದೈತಿ. ಇಲ್ಲಿ ನಿಂತು ಮೈ ನೆಕ್ಕೇತಿ."

ನಾನೊಮ್ಮೆ ಅವಸರದಲ್ಲಿ ಒಂದೇ ಒಂದು ಹೆಜ್ಜೆ ಇಟ್ಟು ದಾಟಿದ್ದೆ. ಸಂಜೆ ವಿಚಾರಣೆ. "ನೀ ಎಡಗಾಲಿನ ಹಿಮ್ಮಡ ಒತ್ತಿ ನಡೀತಿ. ಚಪ್ಪಲಿನೂ ಆ ಕಡೆನ ಸವದಾವ. ನೋಡ್ಕೋ ಬೇಕಾದ್ರ." ನೋಡಿಕೊಂಡೆ. ಸವೆದಿದ್ದವು!

ಮನೆಗೆ ಬರುವುದಾದರೂ ಸುಮ್ಮನೆ ಬರುತ್ತಿದ್ದರೇ? ಅದಕ್ಕೂ ಒಂದು ಮೆರವಣಿಗೆ. ಬೀದಿಯ ತುದಿಯ ಹುಣಸೆ ಮರದ ಹತ್ತಿರವೇ ಕೆಮ್ಮು ಶುರು. ಆಮೇಲೆ ಚಪ್ಪಲಿ ಉಜ್ಜುವುದು. ಆಮೇಲೆ ಇಲ್ಲದ ನಾಯಿಯೊಂದನ್ನು "ಹಚಾ! ಹಚಾ!" ಎಂದು ಗದರಿಸುವುದು. ಅಂಗಳದಲ್ಲಿ ನಿಂತು ಮತ್ತೊಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಆಮೇಲೆಯೇ ಬಾಗಿಲಿಗೆ ಕೈ. ನೆರೆಯವರು ಅದಕ್ಕೆ ಎರಡನೆಯ ಭೋಂಗಾ ಎಂದು ಹೆಸರಿಟ್ಟಿದ್ದರು. ತನ್ನ ಮನೆಗೆ ತಾನೇ ಡಂಗುರ ಸಾರಿಕೊಂಡು ಬರುವ ಮಹಾರಾಜ ಇವನೊಬ್ಬನೇ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಯಾರಿಗೂ ರಿಯಾಯಿತಿ ಇರಲಿಲ್ಲ. ವರ್ಷಕ್ಕೊಮ್ಮೆ ಪಾದಪೂಜೆಗೆ ನಮ್ಮ ಮಠದ ಅಯ್ಯನವರು ಬರುತ್ತಿದ್ದರು. ಪಾದ ಎಂದ ಮೇಲೆ ನೀರು, ನೀರು ಎಂದ ಮೇಲೆ ಗಾಲಿಚಾದ ಗತಿ? ಭಾವ ಓಡಿ ಹೋಗಿ ಅಡುಗೆಮನೆಯಲ್ಲಿ ಕಂಬಳಿ ಹಾಸಿ ಬಂದರು. ಅಯ್ಯನವರು ಹೊರಗಿನ ಖೋಲಿ ನೋಡಿ, "ಇಲ್ಲೇ ಬೇಷ್ ಐತೆಲ್ಲಪಾ, ಇಲ್ಲೇ ಕುಂಡರೂಣು" ಎಂದರು. ಭಾವ ಕೈ ಮುಗಿದು, "ಬ್ಯಾಡ್ರಿ ಅಜ್ಜಾರ, ಅದರ ಬಣ್ಣ ಇನ್ನೂ ಹಸಿ ಐತ್ರಿ" ಎಂದುಬಿಟ್ಟರು! ಅಯ್ಯನವರು ಗೋಡೆ ಹಿಡಿದು ಅಡ್ಡಡ್ಡ ನಡೆದು ಅಡುಗೆಮನೆ ಸೇರಿದರು. ಮರುವರ್ಷ ಬಂದವರು ಹೊಸ್ತಿಲಲ್ಲೇ ನಿಂತು ಕೇಳಿದರು: "ಏನಪಾ, ಬಣ್ಣ ಒಣಗೇತೋ, ಇನ್ನೊಂದು ವರ್ಷ ಬೇಕೋ?"

ಮಳೆಗಾಲದಲ್ಲಿ ಗಾಲಿಚಾಕ್ಕೆ ಥಂಡಿ ಹತ್ತದ ಹಾಗೆ ಅದರ ಪಕ್ಕ ಕೆಂಡದ ಸಿಗಡಿ ಇಡುತ್ತಿದ್ದರು. ಗಾಲಿಚಾಕ್ಕೆ, ಅಕ್ಕನಿಗಲ್ಲ! ಅಕ್ಕ ಆಚೆ ಗೋಡೆಗೆ ಆನಿಕೊಂಡು, ಮೊಣಕಾಲು ಆ ಕಡೆಗೆ ಚಾಚಿ, ಉಣ್ಣೆ ಕಾಯಿಸಿಕೊಂಡು ಉಳಿದ ಬಿಸಿಯನ್ನು ತಾನು ತೆಗೆದುಕೊಳ್ಳುತ್ತಿದ್ದಳು. ನಾನು ಒಮ್ಮೆ ತಡೆಯಲಾರದೆ ಕೇಳಿದೆ: "ಅಕ್ಕಾ, ನಿನಗ ಸಿಟ್ಟ ಬರೂದಿಲ್ಲೇನು?"

"ಬಂದ್ರ ಎಲ್ಲಿ ಇಡ್ಲಿ? ಮನ್ಯಾಗ ಜಾಗಾ ಎಲ್ಲಿ ಐತಿ?" ಎಂದಳು.

ಒಂದು ದಿನ ನನ್ನ ಪಾಳಿ ಬದಲಾಗಿ ನಡು ಮಧ್ಯಾಹ್ನ ಮನೆಗೆ ಬಂದೆ. ಬಾಗಿಲು ತೆಗೆದರೆ ಏನು ಕಾಣುವುದು! ಅಕ್ಕ ಗಾಲಿಚಾದ ನಟ್ಟ ನಡುವೆ ಕೂತಿದ್ದಾಳೆ. ಕಿಟಕಿಯ ಬಿಸಿಲಿಗೆ ಎರಡೂ ಕಾಲು ಚಾಚಿ, ಕೈ ಹಿಂದಕ್ಕೂರಿ, ಕಣ್ಣು ಮುಚ್ಚಿದ್ದಾಳೆ. ಕೈಯಲ್ಲಿ ಹಸನು ಮಾಡುವ ಅಕ್ಕಿಯಿಲ್ಲ, ಹೊಲಿಗೆಯಿಲ್ಲ. ಹುಟ್ಟಿದಂದಿನಿಂದ ಅವಳು ಏನೂ ಮಾಡದೆ ಕೂತದ್ದನ್ನು ನಾನು ನೋಡಿರಲೇ ಇಲ್ಲ. ನನ್ನನ್ನು ಕಂಡು ಮುಖ ಬಿಳಿಚಿತು. "ತಮ್ಮಾ, ಅವರಿಗೆ ಹೇಳಬ್ಯಾಡೋ" ಎಂದಳು. ಸ್ವಂತ ಮನೆಯಲ್ಲಿ ಕೂತದ್ದಕ್ಕೆ!

ದಿನಾ ಹೀಗೆಯೇ ಅಂತೆ. ಊಟದ ಪಾತ್ರೆ ತೊಳೆದಿಟ್ಟು ಬಂದು ಕೂಡುವಳು. ಹುಣಸೆ ಮರದ ಹತ್ತಿರ ಕೆಮ್ಮು ಕೇಳಿದ ಕೂಡಲೇ ಏಳುವಳು. ಗುರುತು ಉಳಿಯದಂತೆ ಅಂಗೈಯಿಂದ ಸವರುತ್ತ ಸವರುತ್ತ, ಹಿಂದಕ್ಕೆ ಸರಿಯುತ್ತ ಅಡುಗೆಮನೆ ಸೇರುವಳು. ಭಾವ ಒಳಗೆ ಬರುವ ಹೊತ್ತಿಗೆ ಚಹಾದ ನೀರು ಒಲೆಯ ಮೇಲೆ. ಭಾವ ಕೂತು ನೋಡುತ್ತಿದ್ದರು, ನೋಡಿಯೇ ನೋಡುತ್ತಿದ್ದರು, "ಇವತ್ತು ಬೆಕ್ಕು ಬಂದಿಲ್ಲ" ಎಂದು ಏಳುತ್ತಿದ್ದರು. ನನಗೆ ಒಳಗೊಳಗೇ ಸಕ್ಕರೆ ತಿಂದಷ್ಟು ಖುಷಿ. ಬಂತಲ್ಲ ಬೇಟೆಗಾರನ ಕಣ್ಣಿಗೆ ಪೊರೆ!

ಅಕ್ಕನ ಸುಖ ಅಷ್ಟೇ ಇತ್ತು. ಅದನ್ನೂ ಕದ್ದು ತಿನ್ನಬೇಕಾಗಿತ್ತು. ಮುಂದಿನ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಸಾದಾ ಜ್ವರ ಎಂದುಕೊಂಡೆವು. ಭಾವ ಕೆಲಸಕ್ಕೆ ಹೋಗದೆ ಅವಳ ಹಾಸಿಗೆಯ ಪಕ್ಕ ಕೂತರು. ಅದರಿಂದ ಆದದ್ದು ಇಷ್ಟೇ: ಗಂಡ ಮನೆಯಲ್ಲೇ ಇದ್ದದ್ದರಿಂದ ಅವಳಿಗೆ ಗಾಲಿಚಾದ ಮೇಲೆ ಕೂಡುವುದಾಗಲಿಲ್ಲ. ವಾರ ತುಂಬುವುದರೊಳಗೆ ಹೋಗಿಬಿಟ್ಟಳು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗಾನಿಸಿ ಕೂಡಿಸುತ್ತಾರೆ. ಹಿರಿಯರು ಕಂಬಳಿ ತರಲು ಹೇಳಿದರು. ಭಾವ ಎದ್ದು ಗಾಲಿಚಾವನ್ನು ಗೋಡೆಯವರೆಗೆ ಎಳೆದು, "ಇದರ ಮ್ಯಾಲ ಕೂಡಸ್ರಿ" ಎಂದರು.

"ನೀರು ಬೀಳತೈತಿ, ವಿಭೂತಿ ಬೀಳತೈತಿ. ಹಾಳಾಗತೈತಪಾ" ಎಂದರು ಒಬ್ಬರು.

"ಆಗ್ಲಿ."

ಅಂಬೇವಾಡಿಯೆಲ್ಲ ಬಂತು. ಇಷ್ಟು ದಿನ ಗೋಡೆ ಹಿಡಿದು ನಡೆದವರೆಲ್ಲ ಅಂದು ಕೆಸರುಗಾಲಲ್ಲಿ ಅದನ್ನು ತುಳಿದು ಹೋಗಿ ಅವಳ ಪಾದ ಮುಟ್ಟಿದರು. ಭಾವ ಯಾರ ಕಾಲನ್ನೂ ನೋಡಲಿಲ್ಲ. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂದಿತ್ತು. ಕೂಡಿಸಿದರಲ್ಲ! ಮೊಣಕಾಲು ನೋಯುವುದು ನಿಂತ ಮೇಲೆ ಕೂಡಿಸಿದರಲ್ಲ!

ಮಣ್ಣು ಮಾಡಿ ಬಂದ ಸಂಜೆ ಮನೆಯಲ್ಲಿ ನಾವಿಬ್ಬರೇ ಉಳಿದಾಗ, ಭಾವ ಗಾಲಿಚಾವನ್ನು ಮೊದಲಿನ ಜಾಗಕ್ಕೆ ಎಳೆದು, ತುದಿಗಾಲಲ್ಲಿ ಕೂತು ನೋಡತೊಡಗಿದರು. ನನ್ನ ತಲೆ ಕೆಟ್ಟಿತು. "ಇನ್ನೂ ಏನ್ ಓದತೀರಿ? ಯಾರ ಹೆಜ್ಜಿ ಹುಡುಕಾಕತ್ತೀರಿ?" ಎಂದು ಕೂಗಿದೆ.

ಅವರು ನಡುವಿನ ಹೂವಿನ ಮೇಲೆ ಕೈಯಿಟ್ಟರು. "ದಿನಾ ಇಲ್ಲೇ ಕುಂಡರತಿದ್ಲು. ಕಿಟಕಿ ಕಡೆ ಕಾಲು ಚಾಚಿ."

"ನಿಮಗ ಗೊತ್ತಿತ್ತೇನು?"

"ಬೆಕ್ಕಿನ ಕಾಲು ಹಿಡಿಯಾಂವಗ ಹೆಂಡತಿ ಕೈ ತಿಳಿಯೂದಿಲ್ಲೇನೋ? ನಾ ಬ್ರಷ್ ಹಾಕೂದು ಬಾಗಿಲ ಕಡೆ. ಆಕಿ ಸವರತಿದ್ದದ್ದು ಅಡಗಿಮನಿ ಕಡೆ. ಮೊದಲನೇ ದಿನಾನ ತಿಳೀತು. ಅದಕ್ಕ ಹುಣಚಿ ಗಿಡದ ಕಡಿಂದ ಕೆಮ್ಮಿಕೋತ ಬರತಿದ್ದೆ. ಮೊಣಕಾಲು ನೋವಿನಾಕಿ, ಏಳಾಕ ಹೊತ್ತು ಬೇಕಾಗತಿತ್ತು."

"ಮತ್ತ ಕುಂಡ್ರು ಅಂತ ಒಂದ ಮಾತು ಹೇಳಾಕ ಏನಾಗಿತ್ರಿ?"

ಭಾವ ಹೂವಿಗೆ ಅಂಟಿದ ಕೆಸರನ್ನು ಉಗುರಿನಿಂದ ಕೆರೆದರು. "ಮೊದಲನೇ ದಿನ ಕಾಲು ಕಾಲು ಅಂತ ಒದರಿಬಿಟ್ಟಿದ್ದೆ. ಆಮ್ಯಾಲ ಹೆಂಗ ಹೇಳೂದು, ನನಗ ತಿಳೀಲಿಲ್ಲ."

ಎಂಥ ಗಂಡಸು! ದಿನಾ ಕೆಮ್ಮಲು ಬಂತು, ನಾಯಿಯಿಲ್ಲದೆ ನಾಯಿ ಓಡಿಸಲು ಬಂತು, ಒಂದು ಮಾತು ಬಾಯಿಗೆ ಬರಲಿಲ್ಲ. ಅವಳು ತನ್ನ ಮನೆಯಲ್ಲಿ ತಾನು ಕಳ್ಳಿ ಎಂದುಕೊಂಡೇ ಸತ್ತಳು. ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಬಾಯಿ ತೆರೆದು ಬೈಯಬೇಕೆಂದೆ. ಅಷ್ಟರಲ್ಲಿ ಭಾವ ಗೂಟಕ್ಕೆ ತೂಗು ಹಾಕಿದ್ದ ಬ್ರಷ್ ತೆಗೆದುಕೊಂಡರು, ಒಂದು ಕ್ಷಣ ನೋಡಿ ಬದಿಗಿಟ್ಟರು. ಬರಿಯ ಅಂಗೈಯಿಂದ, ನಡುವಿನ ಆ ಹೂವಿನಿಂದ ಶುರುಮಾಡಿ, ಸವರುತ್ತ ಸವರುತ್ತ ಅಡುಗೆಮನೆಯ ಕಡೆಗೆ ಸರಿಯತೊಡಗಿದರು. ಹೊಸ್ತಿಲು ಮುಟ್ಟಿದಾಗ ತಲೆಯೆತ್ತಿ ನನ್ನನ್ನು ನೋಡಿದರು.

"ಕುಂಡ್ರು ತಮ್ಮಾ" ಎಂದರು. "ಬೆಚ್ಚಗ ಐತಿ."

ನಾನು ಕೂಡಲಿಲ್ಲ. ಆ ಮಾತು ನನಗೆ ಸಲ್ಲಬೇಕಾದದ್ದಾಗಿರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ, ಅಡ್ಡಡ್ಡ ನಡೆದು, ಚಹಾಕ್ಕೆ ನೀರಿಡಲು ಒಳಗೆ ಹೋದೆ.