ಮಾವನ ಮಿಲಿಟರಿ ಲಾರಿ

ಮಾವನ ಮನೆಯಲ್ಲಿ ಅಳಿಯನಾದವನು ಬಾಯಿ ತೆರೆಯಬೇಕಾದದ್ದು ಒಬ್ಬಟ್ಟು ತಿನ್ನುವುದಕ್ಕೆ ಮಾತ್ರ. ಈ ಸತ್ಯ ನನಗೆ ತಿಳಿಯುವ ಹೊತ್ತಿಗೆ ಮದುವೆಯಾಗಿ ಒಂಬತ್ತು ವರ್ಷ ಕಳೆದಿತ್ತು, ಒಂದು ಲಾರಿ ಗುಜರಿ ಸೇರಿತ್ತು.

ನನ್ನ ಮಾವ ರಂಗಪ್ಪನವರು ಸೈನ್ಯದಲ್ಲಿ ಡ್ರೈವರಾಗಿದ್ದವರು. ನಿವೃತ್ತರಾಗಿ ಇಟ್ಟಮಡುವಿನಲ್ಲಿ ಮನೆ ಕಟ್ಟಿಸಿದಾಗ, ಬೇರೆಯವರು ಅಂಗಳದಲ್ಲಿ ತೆಂಗಿನ ಸಸಿ ನೆಟ್ಟರೆ ಇವರು ಹರಾಜಿನಲ್ಲಿ ಹಿಡಿದ ಹಸಿರು ಲಾರಿಯೊಂದನ್ನು ತಂದು ನಿಲ್ಲಿಸಿದರು. "ಎರಡನೇ ಮಹಾಯುದ್ಧದ ಗಾಡಿ. ಇಂಥದ್ದನ್ನೇ ಆರು ವರ್ಷ ಓಡ್ಸಿದ್ದೀನಿ" ಎನ್ನುತ್ತಿದ್ದರು. ಪ್ರತಿ ಭಾನುವಾರ ಅದಕ್ಕೆ ಅಭ್ಯಂಜನ. "ನನ್ನ ಮಂಡಿಗೆ ಇಷ್ಟು ಎಣ್ಣೆ ತಿಕ್ಕಿದ್ರೆ ನಾನೂ ಓಡ್ತಿದ್ದೆ" ಎಂದು ಅತ್ತೆ ಗೊಣಗುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಜಯನಗರದ ಮೈದಾನವೊಂದರಲ್ಲಿ ಹಳೆಯ ವಾಹನಗಳ ಪ್ರದರ್ಶನ ಏರ್ಪಾಡಾಯಿತು. ಲಾರಿಯನ್ನು ಮಿಲಿಟರಿ ಸಾಲಿನಲ್ಲಿ ನಿಲ್ಲಿಸಿ, ಮೆಡಲು ಧರಿಸಿ ಪಕ್ಕದಲ್ಲಿ ನಿಲ್ಲಬೇಕೆಂಬುದು ಮಾವನ ಆಸೆ. ಕೋಟಿಗೆ ಇಸ್ತ್ರಿಯೂ ಆಯಿತು.

ವಿಮಾ ಕಚೇರಿಯ ಗುಮಾಸ್ತನಾದ ನನಗೆ ಸ್ಕೂಟರನ್ನು ಸ್ಟ್ಯಾಂಡಿಗೆ ಹಾಕುವುದೂ ಸರಿಯಾಗಿ ಬಾರದು. ಆದರೂ ಮಾವನನ್ನು ಮೆಚ್ಚಿಸಲೆಂದು ಫುಟ್‌ಪಾತಿನಿಂದ ಮಿಲಿಟರಿ ವಾಹನಗಳ ಪುಸ್ತಕವೊಂದನ್ನು ತಂದು ಓದಿದೆ. ಊರಿನಲ್ಲಿ ಓಡುವ ಸಾಮಾನ್ಯ ಲಾರಿಯನ್ನೇ ಸೈನ್ಯಕ್ಕೆ ಒಗ್ಗಿಸಿದರೆ ಗುರುತು ಹಿಡಿಯುವುದು ಸುಲಭವಂತೆ: ದುಂಡನೆಯ ಮಡ್‌ಗಾರ್ಡ್ ಚಪ್ಪಟೆಯಾಗುತ್ತದೆ, ಹಿಂದಿನ ಜೋಡಿ ಚಕ್ರ ಒಂಟಿಯಾಗುತ್ತದೆ, ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೂ ಹೋಗುತ್ತದೆ.

ಪ್ರದರ್ಶನದವರು ಗಾಡಿ ನೋಡಲು ಒಬ್ಬರನ್ನು ಕಳಿಸಿದರು. ಅವರು ಕಾಫಿ ಕುಡಿದು ಕಾಗದದ ಮೇಲೆ 'ಮಿಲಿಟರಿ' ಎಂದು ಬರೆಯುವುದರಲ್ಲಿದ್ದರು. ನಾನು ಗಂಟಲು ಸರಿಮಾಡಿಕೊಂಡೆ.

"ಒಂದ್ನಿಮಿಷ ಸಾರ್, ನಾನು ಓದಿದ್ದೀನಿ. ಮಡ್‌ಗಾರ್ಡ್ ನೋಡಿ, ದುಂಡಗಿದೆ. ಹಿಂದೆ ಜೋಡಿ ಚಕ್ರ. ಮುಂದಿನ ಚಕ್ರಕ್ಕೆ ಪವರ್ ಇಲ್ಲ. ಇದು ಸಿವಿಲ್ ಗಾಡಿ, ಯಾರೋ ಹಸಿರು ಬಣ್ಣ ಬಳಿದಿದ್ದಾರೆ."

ಬಂದವರು ಬಗ್ಗಿ ನೋಡಿ, "ನಿಮ್ಮ ಅಳಿಯ ಹೇಳೋದು ಕರೆಕ್ಟು ಸಾರ್" ಎಂದು ಪೆನ್ನು ಮುಚ್ಚಿದರು. ನನಗೆ ಒಳಗೊಳಗೇ ಹೆಮ್ಮೆ. ಮಾವ ಒಳಗೆ ಹೋಗಿ ಕೋಟು ಬಿಚ್ಚಿಟ್ಟು ಬಂದರು, ಅಷ್ಟೆ.

ಮರುವಾರವೇ ಮಾವ ಲಾರಿಯನ್ನು ಬೊಮ್ಮನಹಳ್ಳಿಯ ಗುಜರಿಗೆ ಕೊಟ್ಟರು. ಹೆಂಡತಿ ನನ್ನೊಡನೆ ಹತ್ತು ದಿನ ಮಾತು ಬಿಟ್ಟಳು. ಹನ್ನೊಂದನೆಯ ದಿನ ನಾನೂ ಇದ್ದಾಗ ಗುಜರಿಯವನು ಒಂದು ಹಿತ್ತಾಳೆ ತಗಡು ಹಿಡಿದು ಮಾವನ ಮನೆಗೇ ಬಂದ. "ಡ್ಯಾಶ್‌ಬೋರ್ಡ್ ಮೇಲೆ ಪೇಂಟಿನ ಕೆಳಗಿತ್ತು ಅಂಕಲ್. ಇಟ್ಕೊಳ್ತೀರೇನೋ ಅಂತ ತಂದೆ."

ಮಾವ ಅದನ್ನು ನನ್ನ ಕೈಗೆ ಕೊಟ್ಟರು. "ಓದಿ ಅಳಿಯಂದ್ರೇ. ಓದೋದು ನಿಮ್ಮ ಡಿಪಾರ್ಟ್‌ಮೆಂಟು."

ಓದಿದೆ. ಸೈನ್ಯದ ನಂಬರು, ಯುದ್ಧಕಾಲದ ಇಸವಿ, ಹೊರಬಹುದಾದ ತೂಕ. ಯುದ್ಧದ ಅವಸರದಲ್ಲಿ ಎಷ್ಟೋ ಊರಿನ ಲಾರಿಗಳನ್ನು ಬಣ್ಣವಷ್ಟೇ ಬದಲಿಸಿ ಸೈನ್ಯಕ್ಕೆ ಸೇರಿಸಿಕೊಂಡಿದ್ದರಂತೆ; ಮಾವ ಈಗ ಹೇಳಿದರು.

"ಅವತ್ತೇ ಹೇಳಬಹುದಿತ್ತಲ್ಲ ಮಾವ?"

"ಓಡ್ಸಿದ್ದೀನಿ ಅಂತ ಹೇಳಿದ್ನಲ್ಲ. ನೀವು ಓದಿದ್ದೀನಿ ಅಂದ್ರಿ. ಹೊರಗಿನವರ ಮುಂದೆ ಅಳಿಯನ ಮಾತು ತೆಗೆದುಹಾಕೋಕಾಗುತ್ತಾ?"

ಅಷ್ಟರಲ್ಲಿ ಪಕ್ಕದ ಮನೆಯವರು ಬಂದು, "ಏನ್ ಸಾರ್ ಇದು ತಗಡು?" ಎಂದರು. ಯುದ್ಧಕಾಲದಲ್ಲಿ ಲಾರಿಗಳನ್ನು ಸೈನ್ಯಕ್ಕೆ ಹೇಗೆ ಒಗ್ಗಿಸುತ್ತಿದ್ದರೆಂದು ನಾನು ವಿವರಿಸತೊಡಗಿದೆ. ಮಾವ ಮೆಲ್ಲಗೆ ಎದ್ದು, ಖಾಲಿ ಅಂಗಳಕ್ಕೆ ಹೋಗಿ ನಿಂತರು. ನನ್ನ ವಿವರಣೆ ಮುಂದಿನ ಚಕ್ರದವರೆಗೂ ಬಂದಿತ್ತು; ನಿಲ್ಲಿಸಲಿಲ್ಲ.