ಒಂದೇ ಸೆರಗಿನಲ್ಲಿ ಮೌಂಟ್ ಮೇರಿ

ಊರು ತೋರಿಸುವ ಕೆಲಸದಲ್ಲಿ ಒಂದು ಗುಟ್ಟಿನ ಸುಖವಿದೆ. ತೋರಿಸುವವರು ಮುಂದೆ, ನೋಡುವವರು ಹಿಂದೆ. ಎಂಥ ಹಿರಿಯರಾದರೂ ಅಷ್ಟು ಹೊತ್ತು ನಾವು ಕೈ ಮಾಡಿದ ಕಡೆಗೇ ಕತ್ತು ತಿರುಗಿಸಬೇಕು. ಐವತ್ತರ ದಶಕದಲ್ಲಿ ಮಲಾಡಿನ ಚಾಳಿಗೆ ಸೊಸೆಯಾಗಿ ಬಂದ ನನಗೆ ಈ ಸುಖದ ಅಗತ್ಯ ಬಹಳವಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ನನಗೆ ಎಂಬ್ರಾಯ್ಡರಿ, ಎಲೊಕ್ಯೂಷನ್, ಟೇಬಲ್ ಮ್ಯಾನರ್ಸ್ ಎಲ್ಲ ಕಲಿಸಿದ್ದರು, ಜೋಳದ ರೊಟ್ಟಿ ಬಡಿಯುವುದೊಂದನ್ನು ಬಿಟ್ಟು. ಧಾರವಾಡದಿಂದ ಬಂದಿಳಿದ ಅತ್ತೆ ನನ್ನ ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸಾಲಿಯೊಳಗ ಇಷ್ಟ ವರ್ಷ ಏನ ಕಲಿಸಿದ್ರವಾ ನಿನಗ?" ಎಂದು ಕೇಳಿದರು. ಅದು ಬೈಗುಳದ ದನಿಯಲ್ಲ, ನಿಜವಾದ ಕುತೂಹಲ. ಚುಚ್ಚಿದ್ದೇ ಅದು. ನನ್ನ ಕಲಿಕೆಗೂ ಒಂದು ಉಪಯೋಗವಿದೆಯೆಂದು ಅವರ ಬಾಯಿಂದಲೇ ಒಂದು ಸರ್ಟಿಫಿಕೇಟ್ ಪಡೆಯದೆ ಬಿಡಬಾರದೆಂದುಕೊಂಡೆ.

ಅದಕ್ಕೆ ಬಾಂದ್ರಾದ ಮೌಂಟ್ ಮೇರಿ ಚರ್ಚಿಗಿಂತ ತಕ್ಕ ಜಾಗ ಇರಲಿಲ್ಲ. ಇಗರ್ಜಿಯೆಂದರೆ ನನ್ನ ಸಬ್ಜೆಕ್ಟ್. ಆಲ್ಟರ್ ಯಾವುದು, ಪಲ್ಪಿಟ್ ಯಾವುದು, ಎಲ್ಲಿ ಪಿಸುಗುಡಬೇಕು, ಎಲ್ಲಿ ಮೊಣಕಾಲೂರಬೇಕು, ಎಲ್ಲ ಬಾಯಿಪಾಠ. ತಿಳಿನೀಲಿ ಶಿಫಾನ್ ಸೀರೆಯ ನೆರಿಗೆಗಳನ್ನು ಭುಜದ ಮೇಲೆ ಬ್ರೋಚ್ ಹಾಕಿ ಬಿಗಿದು, ಬಾಬ್ ಮಾಡಿಸಿದ ಕೂದಲನ್ನು ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡು ಹೊರಟೆ. ಅತ್ತೆ ಎಂದಿನಂತೆ ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಸೆರಗು. ಲೋಕಲ್ ಇಳಿದು ಗುಡ್ಡವೇರುವಷ್ಟರಲ್ಲಿ ನನ್ನ ಲೆಕ್ಚರ್ ಅರ್ಧ ಮುಗಿದಿತ್ತು, ಉಸಿರು ಪೂರ್ತಿ. ಆದರೆ ಮೇಲೆ ನಿಂತಾಗ ನಾನೇ ಮಾತು ಮರೆತೆ. ಎರಡು ಗೋಪುರಗಳು ಆಕಾಶಕ್ಕೆ ನೆಟ್ಟಗೆ ನಿಂತಿವೆ, ಕೆಳಗೆ ಸಮುದ್ರ, ಅದರ ಗಾಳಿಯಲ್ಲಿ ಮೇಣದ ವಾಸನೆ. ಈಗ ನೆನೆದರೂ ಎದೆ ತುಂಬಿ ಬರುತ್ತದೆ. ಅಂಗಡಿಗಳಲ್ಲಿ ಹರಕೆಗೆಂದು ಮೇಣದ ಕೈ, ಕಾಲು, ಕೂಸು, ಮನೆ. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅತ್ತೆ, "ಗೊತ್ತಾತ್ ಬಿಡು. ನಮ್ಮ ಎಲ್ಲಮ್ಮಗ ಬೆಳ್ಳಿ ಕಣ್ಣ ಕೊಡ್ತಾರ, ಈಕಿಗೆ ಮೇಣದ್ದು" ಎಂದು ಆ ಅಧ್ಯಾಯವನ್ನೇ ಮುಗಿಸಿದರು.

ಬಾಗಿಲಲ್ಲಿ ಕರಿ ಉಡುಪಿನ ಮುದುಕಿಯೊಬ್ಬಳು ಅತ್ತೆಗೆ ತಲೆಬಾಗಿ ದಾರಿ ಬಿಟ್ಟು, ನನ್ನನ್ನು ತಡೆದಳು. ತನ್ನ ತಲೆಯನ್ನು ಮುಟ್ಟಿಕೊಂಡು ನನ್ನ ಬಾಬ್ ಕಡೆಗೆ ಬೆರಳು ತೋರಿಸಿದಳು. ಹೆಂಗಸರು ಬರಿದಲೆಯಲ್ಲಿ ಇಗರ್ಜಿಯೊಳಗೆ ಹೋಗಬಾರದು. ನನಗೆ ತಿಳಿಯದ್ದೇ? ಕಾನ್ವೆಂಟಿನ ಚಾಪೆಲ್ ಬಾಗಿಲಲ್ಲಿ ಸಿಸ್ಟರುಗಳು ವೇಲ್‌ಗಳ ಡಬ್ಬಿಯನ್ನೇ ಇಡುತ್ತಿದ್ದರು, ಹಾಗಾಗಿ ಸ್ವಂತದ್ದೊಂದು ಬೇಕಾಗುತ್ತದೆಂದು ಎಂದೂ ಹೊಳೆದಿರಲಿಲ್ಲ. ಬ್ರೋಚಿನಲ್ಲಿ ಬಿಗಿದ ನನ್ನ ಸೆರಗು ಕಿವಿಯವರೆಗೂ ಬರಲೊಲ್ಲದು. "ಬಾ ಇಲ್ಲೆ" ಎಂದ ಅತ್ತೆ ತಮ್ಮ ಕೆಂಪು ಸೆರಗನ್ನು ಅಗಲವಾಗಿ ಬಿಚ್ಚಿ ನನ್ನ ತಲೆಯ ಮೇಲೂ ಎಳೆದರು. "ಒಂಬತ್ತ ಗಜ ಎದಕ್ಕ ಉಡ್ತಾರಂತ ಮಾಡಿದಿ?"

ಹೀಗೆ ಗೈಡ್ ಮತ್ತು ಪ್ರವಾಸಿ ಒಂದೇ ಸೆರಗಿನಲ್ಲಿ ಒಳಗೆ ಹೋದೆವು. ನಾನು ಅಭ್ಯಾಸಬಲದಿಂದ ಆಲ್ಟರಿಗೆ ಒಂದು ಮೊಣಕಾಲು ಬಗ್ಗಿಸಿದರೆ ಅತ್ತೆಯೂ ಬಗ್ಗಲೇಬೇಕು. ಅವರು ಗೋಡೆಯ ಚಿತ್ರದ ಹತ್ತಿರ ಹೋದರೆ ನಾನು ದನದ ಹಾಗೆ ಹಿಂದೆ. ಕೊನೆಗೆ ಮೇರಿ ಮಾತೆಯ ಎದುರು ಮೊಣಕಾಲೂರಿದೆವು. ಹೊಂಬಣ್ಣದ ಸೀರೆಯುಟ್ಟಂತಿದ್ದಳು, ಕಂಕುಳಲ್ಲಿ ಕೂಸು. ಅತ್ತೆ ಬಹಳ ಹೊತ್ತು ನೋಡಿದರು. "ನಿಮ್ಮ ಸಾಲ್ಯಾಗ ಕಲಿಸಿದ್ದು ಒಂದ ಹೇಳವಾ" ಎಂದರು. ಇಷ್ಟು ದಿನ ಕಾದ ಗಳಿಗೆ. ನನಗೆ ನೆನಪಾದದ್ದು ಊಟಕ್ಕೆ ಮೊದಲು ಹೇಳುವ ಪ್ರಾರ್ಥನೆಯೊಂದೇ. ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದೆ.

"ಏನಂತ ಅರ್ಥ?"

"ಉಣ್ಣಾಕ ಕೊಟ್ಟಿದ್ದಕ್ಕ ಥ್ಯಾಂಕ್ಸ್ ಅಂತ, ಅತ್ತಿ."

"ಚಲೋ ಐತಿ. ಬೇಡೂದಕ್ಕಿಂತ ಇದ ಚಲೋ."

ಹೊರಗೆ ಬಂದಾಗ ಸೆರಗಿನಿಂದ ನುಸುಳಿಕೊಳ್ಳಬೇಕೆಂದಿದ್ದೆ. "ಇರಲಿ, ಬಿಸಲೈತಿ" ಎಂದು ಅತ್ತೆ ಬಿಡಲಿಲ್ಲ. ಮೆಟ್ಟಿಲಲ್ಲಿ ಹ್ಯಾಟು ಧರಿಸಿ ಎದುರಾದವಳು ನನ್ನ ಕಾನ್ವೆಂಟಿನ ಕ್ಲಾಸ್‌ಮೇಟ್ ಫಿಲೋಮಿನಾ. ಕೆಂಪು ಸೆರಗಿನೊಳಗೆ ಬಗ್ಗಿ ನೋಡಿ, ನಿಮ್ಮಿಬ್ಬರಲ್ಲಿ ಯಾರು ಯಾರಿಗೆ ಊರು ತೋರಿಸುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ನಕ್ಕಳು. ಅತ್ತೆಗೆ ಪ್ರಶ್ನೆ ತಿಳಿಯಲಿಲ್ಲ, ಆದರೂ ಉತ್ತರ ಕೊಟ್ಟರು: "ನನ್ನ ಸೊಸಿ. ಭಾಳ ಕಲತಾಳ. ಎಲ್ಲಾ ತಿಳಿಸಿ ಹೇಳಿದ್ಲು. ಈಕಿ ಇಲ್ಲಂದ್ರ ನಾ ಹೊರಗಿನಿಂದನ ಕೈ ಮುಗದ ಹೋಗತಿದ್ದೆ."

ಕನ್ನಡ ಬಾರದ ಫಿಲೋಮಿನಾ ಹುಬ್ಬೇರಿಸಿ ನನ್ನ ಕಡೆ ನೋಡಿದಳು. ಸರ್ಟಿಫಿಕೇಟೇನೋ ಸಿಕ್ಕಿತ್ತು. ಅದನ್ನು ಓದಿ ಹೇಳಬೇಕಾದವಳೂ ನಾನೇ ಆಗಿದ್ದೆ. ತನ್ನ ಹೊಗಳಿಕೆಯನ್ನು ತಾನೇ ಹೇಳಿಕೊಳ್ಳುವುದು ಬ್ಯಾಡ್ ಮ್ಯಾನರ್ಸ್ ಎಂದು ಕಲಿಸಿದ್ದರಲ್ಲ. ಬಿಸಿಲು ಬಹಳ ಎನ್ನುತ್ತಿದ್ದಾರೆ, ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

"ಟೆರಿಬಲ್, ಟೆರಿಬಲ್" ಎಂದು ಫಿಲೋಮಿನಾ ಮನಸಾರೆ ಒಪ್ಪಿದಳು. ಸೊಸೆಯನ್ನು ಇಂಗ್ಲಿಷಿನಲ್ಲೂ ಹೊಗಳುತ್ತಿದ್ದಾಳೆಂದು ತಿಳಿದ ಅತ್ತೆ, ಅಷ್ಟೇ ಮನಸಾರೆ ತಲೆಯಾಡಿಸಿದರು. ಸೆರಗು ಒಂದೇ ಆದ್ದರಿಂದ ನನ್ನ ತಲೆಯೂ ಆಡಿತು.