ರೇನೊ ಆರಿಸಿದ ದುರ್ಬೀನು

ಎಲ್ಲಕ್ಕೂ ಮೂಲ ಒಂದು ಹೊಸ ಅಂಗಿ. ಕೆಂಪು ಚೌಕುಳಿಯ ಆ ಉಣ್ಣೆ ಅಂಗಿಯನ್ನು ತಾನೇ ಹೊಲಿದ ಹೆಲ್ಮಿ, ಅದನ್ನು ಗಂಡ ಆರ್ವಿಡ್‌ನ ಕೈಗಿಡುತ್ತಾ ಗದರಿಸಿದಳು: "ಇದೂ ಚುಂಗಿಲ್ಲದೆ ಮನೆಗೆ ಬಂತೋ, ಮುಂದಿನ ವರ್ಷ ಬೇಟೆ ಬಂದ್. ನಮ್ಮಕ್ಕನ ಮನೇಲಿ ಬಂದು ಕೂತ್ಕೋ."

ಮಿಶಿಗನ್ನಿನ ಉತ್ತರದ ಕಾಡಿನಲ್ಲಿ ಜಿಂಕೆಗೆ ಗುಂಡು ಹಾರಿಸಿ ಗುರಿ ತಪ್ಪಿದವನ ಅಂಗಿಯ ಚುಂಗು ಕತ್ತರಿಸಿ ಬೇಟೆಮನೆಯ ಗೋಡೆಗೆ ಮೊಳೆ ಹೊಡೆಯುವುದು ರೂಢಿ. ಅರ್ಧ ಗೋಡೆ ಆರ್ವಿಡ್‌ನ ಅಂಗಿಗಳದ್ದೇ. ಬೇರೆಯವರಂತೆ ಕೋವಿ ಹಿಡಿಯುವವನೂ ಅಲ್ಲ, ಅಪ್ಪ ಬಿಟ್ಟುಹೋದ ಉದ್ದ ನಳಿಗೆಯ ರಿವಾಲ್ವರೇ ಆಗಬೇಕು. ಈಚೆಗೆ ಅವನ ಕಣ್ಣೂ ಅಪ್ಪನ ಕಾಲದ್ದೇ ಅನ್ನುವ ಹಾಗಾಗಿತ್ತು. ಹಾಗಾಗಿ ಬೇಟೆಯ ಮೊದಲ ದಿನ ಬೆಳಿಗ್ಗೆಯೇ, ಗುರಿ ನೋಡಲು ರಿವಾಲ್ವರಿನ ಮೇಲೆ ಕೂರಿಸುವ ದುರ್ಬೀನು ಕೊಳ್ಳಲು ಅಂಗಡಿಗೆ ಹೊರಟ. ಕರೆಯದಿದ್ದರೂ ಪಕ್ಕದ ಮನೆಯ ರೇನೊ ಜೊತೆಗೆ ಬಂದ.

"ಕೈ ಚಾಚಿ ಹಿಡಿಯೋ ಬಂದೂಕಿಗೆ ಕಣ್ಣಿಂದ ದೂರ ಇಟ್ರೂ ಕಾಣೋದೇ ಬೇಕು," ಎಂದು ಅಂಗಡಿಯ ಲೆಂಪಿ ಚಿಕ್ಕದೊಂದನ್ನು ಮುಂದಿಟ್ಟಳು.

"ಇದೇನಮ್ಮ, ಮಾತ್ರೆ ಡಬ್ಬಿನಾ? ಆ ದೊಡ್ಡದು ತೆಗಿ. ಅದ್ರಲ್ಲಿ ಜಿಂಕೆ ಮೀಸೆ ಎಣಿಸ್ಬೋದು!" ಎಂದ ರೇನೊ.

"ಅದು ಕೋವಿದು. ಕಣ್ಣಿನ ಹತ್ರ ತಂದ್ರೇ ಕಾಣೋದು."

"ತರ್ತಾನೆ ಬಿಡು, ಅವನ ಕಣ್ಣು ಎಲ್ಲಿಗೆ ಓಡಿಹೋಗುತ್ತೆ?"

ಅಂಗಡಿಯಲ್ಲಿ ನಿಂತು ಮಾಂಸದ ಕಡುಬು ತಿನ್ನುತ್ತಿದ್ದವರೆಲ್ಲ ದೊಡ್ಡದಕ್ಕೇ ತಲೆ ಆಡಿಸಿದರು. ಆರ್ವಿಡ್‌ಗೆ ಚಿಕ್ಕದೇ ಇಷ್ಟವಾಗಿತ್ತು. ಅವನನ್ನು ಯಾರೂ ಕೇಳಲಿಲ್ಲ, ಅಷ್ಟೇ.

ದೊಡ್ಡದನ್ನೇ ಕೊಂಡು ರಿವಾಲ್ವರಿಗೆ ಕೂರಿಸಿದ್ದಾಯಿತು. ಪರೀಕ್ಷೆಗೆಂದು ಜಲ್ಲಿ ತೆಗೆದ ಹಳ್ಳದಲ್ಲಿ ರೇನೊ ಒಂದು ಕಾಫಿ ಡಬ್ಬಿ ಇಟ್ಟ. ಆರ್ವಿಡ್ ಕೈ ಚಾಚಿದ. ದುರ್ಬೀನಿನೊಳಗೆ ಬರೀ ಕತ್ತಲೆ.

"ಹತ್ರ ತಗೋ ಮಾರಾಯ. ಇನ್ನೂ ಹತ್ರ!"

ಢಮ್! ಡಬ್ಬಿ ಅಲುಗಲಿಲ್ಲ. ದುರ್ಬೀನು ಮಾತ್ರ ಹಿಂದಕ್ಕೆ ಚಿಮ್ಮಿ ಆರ್ವಿಡ್‌ನ ಹುಬ್ಬಿಗೆ ಬಡಿದು, ಅಲ್ಲಿ ಅರ್ಧಚಂದ್ರದಂಥ ಗಾಯ ಮಾಡಿತು.

"ಅಭ್ಯಾಸ ಆಗುತ್ತೆ ಬಿಡು," ಎಂದ ರೇನೊ.

ಮಧ್ಯಾಹ್ನ ಆರ್ವಿಡ್ ಒಬ್ಬನೇ ಕಾಡಿನಲ್ಲಿ ಕೂತಿದ್ದಾಗ ಭಾರಿ ಕೊಂಬಿನ ಜಿಂಕೆಯೊಂದು ಎದುರಿಗೇ ಬಂದು ನಿಂತಿತು. ರಿವಾಲ್ವರ್ ಎತ್ತಿದ. ಹುಬ್ಬು ಚುಳುಕ್ಕೆಂದಿತು. ಕೈ ತಾನಾಗಿ ಕೆಳಗಿಳಿಯಿತು. ಆಗ ಅವನಿಗೆ ಹೊಳೆಯಿತು: ಹಾರಿಸದಿದ್ದರೆ ತಪ್ಪುವುದೆಲ್ಲಿ ಬಂತು? ಅಂಗಿ ಉಳಿಯಿತಲ್ಲ! ಜಿಂಕೆ ಅವನನ್ನು ಸ್ವಲ್ಪ ಹೊತ್ತು ನೋಡಿ ತನ್ನ ಪಾಡಿಗೆ ಹೋಯಿತು. ಆರ್ವಿಡ್ ಸಿಳ್ಳೆ ಹಾಕುತ್ತಾ ಬೇಟೆಮನೆಗೆ ಮರಳಿದ.

"ಜಿಂಕೆ ಎಲ್ಲೋ?" ಎಲ್ಲರಿಗೂ ಹಿರಿಯನಾದ ಉರ್ಹೊ ಕೇಳಿದ.

"ಗುಂಡೇ ಹಾರಿಸ್ಲಿಲ್ಲ ಅಜ್ಜ. ಹಾರಿಸ್ದೆ ಇದ್ದೋನ ಚುಂಗು ಕತ್ತರಿಸೋ ಹಾಗಿಲ್ಲ!"

ಉರ್ಹೊ ದೀಪವನ್ನು ಅವನ ಮುಖದ ಹತ್ತಿರ ಹಿಡಿದ. "ಹಾರಿಸ್ದೇ ಹುಬ್ಬಿನ ಮೇಲೆ ಇದೆಲ್ಲಿಂದ ಬಂತಪ್ಪ?"

"ಅದು ಬೆಳಿಗ್ಗೆ ಡಬ್ಬಿಗೆ ಹೊಡ್ದಾಗ ಆಗಿದ್ದು! ಈ ದುರ್ಬೀನೇ ಬಡೀತು. ರೇನೊ ಕಣ್ಣಾರೆ ನೋಡಿದಾನೆ, ಕೇಳಿ!"

ಎಲ್ಲರೂ ರೇನೊ ಕಡೆ ತಿರುಗಿದರು. ಅಷ್ಟು ಹೊತ್ತೂ ಅವನು ತಾನು ಆರಿಸಿಕೊಟ್ಟ ದುರ್ಬೀನಿನ ಗುಣಗಾನ ಮಾಡುತ್ತಾ ಕೂತಿದ್ದ. ಈಗ ದುರ್ಬೀನು ನೋಡಿದ, ಆರ್ವಿಡ್‌ನ ಹುಬ್ಬು ನೋಡಿದ, ಗಂಟಲು ಸರಿಮಾಡಿಕೊಂಡ.

"ನಾನು ಆರಿಸಿದ್ದು ಹಾಗೆಲ್ಲ ಬಡಿಯೋ ಮಾಲಲ್ಲಪ್ಪ," ಎನ್ನುತ್ತಾ ಕತ್ತರಿ ಕೈಗೆತ್ತಿಕೊಂಡ.